ಅತ್ತೆ ಹಾಲು ಕರೆಯುವಾಗ ಹಾಡಿದ್ದು

ಸಂಗೀತ ಯಾವುದು, ಸಂಗೀತವಲ್ಲದ್ದು ಯಾವುದು ಎಂದು ತೀರ್ಪು ಕೊಡುವ ಅಧಿಕಾರ ನನಗಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಕ್ಯಾಲನೂರಿಗೆ ಸೊಸೆಯಾಗಿ ಬಂದಾಗ ಸೀರೆಗಳ ಜೊತೆ ಶ್ರುತಿಪೆಟ್ಟಿಗೆಯನ್ನೂ ತಂದಿದ್ದೆ. ಸಂಜೆ ನಡುಮನೆಯಲ್ಲಿ ಊರಿನ ಏಳೆಂಟು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಮ್ಮೂರಿನ ಸಂಗೀತಕ್ಕೆಲ್ಲ ನಾನೇ ಯಜಮಾನಿ.

ಕಾಲೇಜು ಸೇರಿದ ಮಗಳು ಮೊಬೈಲಿನಲ್ಲಿ ರ‍್ಯಾಪ್ ಹಚ್ಚಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರಾಗವಿಲ್ಲ, ಗಮಕವಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಜಗಳವಾಡಿದ ಹಾಗೆ. ನನ್ನ ಅತ್ತೆ ಮಾತ್ರ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. “ಇವನು ಉಸಿರು ಯಾವಾಗ ತಗೊಂತಾನೋ ಅಂತ ನೋಡ್ತಿದ್ದೆ ಕಣಮ್ಮಾ, ಸಿಗ್ಲೇ ಇಲ್ಲ. ಭಲೇ ಹುಡುಗ,” ಅಂದಿದ್ದರು ಒಮ್ಮೆ. “ಅದು ಹಾಡಲ್ಲ ಅತ್ತೆ, ಬೈಗುಳ,” ಅಂದೆ. “ಬೈಯೋದನ್ನೂ ಚೆನ್ನಾಗಿ ಬೈಬೇಕಲ್ಲಾ,” ಅಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅಜ್ಜಿ ಮೊಮ್ಮಗಳು ಸೇರಿ ನಕ್ಕರು. ನಾನು ಮುಖ ಗಂಟು ಹಾಕಿಕೊಂಡು ಒಳಗೆ ಹೋದೆ.

ಮನೆಯಲ್ಲಿ ಎರಡು ಸೀಮೆಹಸು. ಮದುವೆಯಾದ ದಿನದಿಂದ ನಾನು ಹುಲ್ಲು ಹಾಕಿದ್ದುಂಟು, ಸಗಣಿ ಬಾಚಿದ್ದುಂಟು, ಡೈರಿಗೆ ಹಾಲು ಹಾಕಿ ಬಂದದ್ದುಂಟು. ಕರೆಯುವುದು ಮಾತ್ರ ಅತ್ತೆಯ ಕೆಲಸ. ಕಳೆದ ವರ್ಷ ಅವರು ಮುಳಬಾಗಿಲಿನಲ್ಲಿರುವ ನಮ್ಮ ನಾದಿನಿಯ ಮನೆಗೆ ಹೋದವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿ, ಕೆಲವು ವಾರ ಅಲ್ಲಿಂದ ಕದಲಬಾರದು ಅಂದರು ಡಾಕ್ಟರು. ಇತ್ತ ಕೊಟ್ಟಿಗೆ ನನ್ನ ಪಾಲಿಗೆ ಬಂತು.

ಹಳೆಯ ಹಸು ಪಾಪದ್ದು, ಯಾರು ಕೂತರೂ ಹಾಲು ಕೊಟ್ಟಿತು. ಚೊಚ್ಚಲು ಕರು ಹಾಕಿದ್ದ ಇನ್ನೊಂದು ಬಿಗಿದುಕೊಂಡು ನಿಂತುಬಿಟ್ಟಿತು. ಕರುವನ್ನು ಬಿಟ್ಟು ನೋಡೋಣವೆಂದರೆ ಅದು ಹುಟ್ಟಿದಾಗಿನಿಂದ ಬಾಟಲಿಯಲ್ಲಿ ಕುಡಿದದ್ದು, ಕೆಚ್ಚಲಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಏನೋ ಗುನುಗುತ್ತಾ ಕರೆಯುತ್ತಿದ್ದದ್ದು ನೆನಪಾಗಿ ನಾನೂ ಹಾಡಿದೆ. ಹಿಂದೋಳದಲ್ಲಿ ಆಲಾಪನೆ, ನನ್ನ ಐದೂವರೆ ಶ್ರುತಿಯಲ್ಲಿ. ತಾರಸ್ಥಾಯಿಗೆ ಹೋಗುವಷ್ಟರಲ್ಲಿ ಬಕೆಟ್ಟು ಗೋಡೆಗೆ ಹೋಗಿ ಬಿದ್ದಿತ್ತು. ಪಕ್ಕದ ಮನೆಯವರು ಬಂದು ಅವರೂ ಒದೆಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದರೆ ಹಸು ನಡುಗುತ್ತಿತ್ತು. ಇವತ್ತು ಹಾಲು ಇಳಿಸದಿದ್ದರೆ ಕೆಚ್ಚಲು ಬಾವು ಬರುತ್ತದೆ, ಆಮೇಲೆ ಹಸುವನ್ನೇ ಮರೆಯಬೇಕಾದೀತು ಎಂದು ದನದ ಡಾಕ್ಟರು ಫೋನಿನಲ್ಲೇ ಹೆದರಿಸಿದರು. ಬಿಸಿನೀರಿನಲ್ಲಿ ಕೆಚ್ಚಲು ತೊಳೆದೆ, ಬೆಣ್ಣೆ ಸವರಿದೆ, ಬೂಸಾ ಮುಂದಿಟ್ಟೆ. ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಮಗಳ ಕೈಯಲ್ಲಿ ಮುಳಬಾಗಿಲಿಗೆ ಫೋನು ಮಾಡಿಸಿ, ಸ್ಪೀಕರಿಗೆ ಹಾಕಿಸಿ, “ಅತ್ತೆ, ನೀವು ಕರೆಯೋವಾಗ ಹಾಡ್ತೀರಲ್ಲ, ಅದನ್ನ ನಂಗೆ ಹೇಳ್ಕೊಡಿ,” ಅಂದೆ.

“ಅಯ್ಯೋ, ಅದೇನು ಹಾಡಾ? ಗೊಣಗಾಟ ಕಣಮ್ಮಾ ಅದು. ನಿನ್ ಮುಂದೆ ಅದನ್ನೆಲ್ಲಾ ಹೇಳಕ್ಕಾಗ್ತದಾ?” ಅಂದರು ಅತ್ತೆ.

ಚುಚ್ಚಿ ಆಡಿದ ಮಾತಾಗಿದ್ದರೆ ನಾನೂ ಒಂದು ತಿರುಗಿಸಿ ಹೇಳುತ್ತಿದ್ದೆ. ಅವರು ನಿಜವಾಗಿಯೂ ನಾಚಿಕೊಂಡಿದ್ದರು. ನನಗೆ ಅರ್ಥವಾಗಲಿಲ್ಲ. ಫೋನು ಹಿಡಿದಿದ್ದ ಮಗಳು ಅದರ ಮೇಲೆ ಕೈ ಮುಚ್ಚಿ ಪಿಸುಗುಟ್ಟಿದಳು: “ಅಮ್ಮಾ, ಗೊಣಗಾಟ ಅಂದಿದ್ದು ನೀನೇ. ನಾನು ಚಿಕ್ಕವಳಿದ್ದಾಗ. ‘ಪಾಠ ನಡೀತಿದೆ, ಆ ಗೊಣಗಾಟ ಸ್ವಲ್ಪ ನಿಲ್ಸಿ’ ಅಂತ ನೀನು ಹಿಂದಿನ ಬಾಗಿಲಿಂದ ಕೂಗಿದ್ದೆ. ಅವತ್ತಿಂದ ಅಜ್ಜಿ ನಿನ್ ಪಾಠಕ್ಕೆ ಮುಂಚೆ, ನಾಲ್ಕು ಗಂಟೆಗೇ ಕರೆದು ಇಟ್ಬಿಡ್ತಾರೆ.”

ಡೈರಿಯಲ್ಲಿ ಹಾಲು ತೆಗೆದುಕೊಳ್ಳುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಹಾಲಿನ ಕ್ಯಾನನ್ನು ತೊಟ್ಟಿಯ ತಣ್ಣೀರಿನಲ್ಲಿ ಇಳಿಬಿಟ್ಟು ಅತ್ತೆ ಕಾಯುತ್ತಾ ಕೂರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಎಲ್ಲದಕ್ಕೂ ಇವರಿಗೆ ಅವಸರ ಎಂದು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಅವರ ಹಾಡು ನನ್ನ ಪಾಠಕ್ಕೆ ಅಡ್ಡ ಬರಬಾರದೆಂದು ಅವರು ದನಗಳ ಹೊತ್ತನ್ನೇ ಬದಲಾಯಿಸಿದ್ದರು. ನನಗೆ ತುಂಬಾ ನಾಚಿಕೆಯಾಯಿತು.

“ಅತ್ತೆ, ತಪ್ಪಾಯ್ತು. ನಂಗೆ ಗೊತ್ತಿರ್ಲಿಲ್ಲ. ಅದು ಗೊಣಗಾಟ ಅಲ್ಲ. ದಯವಿಟ್ಟು ಹೇಳ್ಕೊಡಿ,” ಅಂದೆ.

“ತಪ್ಪೇನು ಬಂತು ಬಿಡು. ಮೊದ್ಲು ಹಸು ನೋಡು,” ಅಂದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

ನಾನು ಅದನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಇದ್ದ ಮಾತು ಎರಡೇ, ಒಂದು ಕನ್ನಡ, ತಾಯಿ ಎನ್ನುವ ಒಂದು ತೆಲುಗು: “ಇಳಿ ತಲ್ಲೀ, ಇಳಿ.” ಮಿಕ್ಕಿದ್ದೆಲ್ಲ ಬಾಯಿ ಮುಚ್ಚಿದ ಗುನುಗು. ಮಂದ್ರದ ಪಂಚಮಕ್ಕಿಂತಲೂ ಕೆಳಗೆ, ನನ್ನ ವಿದ್ಯಾರ್ಥಿನಿಯರು ಯಾರೂ ಮುಟ್ಟಲಾರದ ಜಾಗದಲ್ಲಿ ಆ ದನಿ ಅಲ್ಲಾಡದೆ ನಿಂತಿತ್ತು. ಒಂದೇ ಸ್ವರವೆಂದು ನಾನು ಅಂದುಕೊಂಡದ್ದರೊಳಗೆ ಸಣ್ಣ ಸಣ್ಣ ಓಲಾಟಗಳಿದ್ದವು. ಹತ್ತು ವರ್ಷ ಸಾಧನೆ ಮಾಡಿದರೂ ನನಗೆ ಬರಲಿಕ್ಕಿಲ್ಲ ಎನಿಸಿತು. ಹಸು ಕಿವಿ ನಿಮಿರಿಸಿತು. ಹಾಲು ಮಾತ್ರ ಇಳಿಯಲಿಲ್ಲ. “ಕಿವಿ ಕೊಡ್ತಿದೆ ಅತ್ತೆ, ಹಾಲು ಇಳೀತಿಲ್ಲ,” ಅಂದೆ.

“ಕಿವಿಗಲ್ಲಮ್ಮಾ, ಹೊಟ್ಟೆಗೆ ಹಾಡ್ಬೇಕು,” ಅಂದರು ಅತ್ತೆ. “ಫೋನಿಂದ ಆಗಲ್ಲ. ಹಣೆ ಅದರ ಪಕ್ಕೆಗೆ ಆನಿಸು. ನಿನ್ ಎದೆ ಗುಂಯ್ ಅನ್ನೋದು ಅದಕ್ಕೆ ತಾಗ್ಬೇಕು.”

ಹಣೆ ಆನಿಸಿದೆ. ಬೆಚ್ಚಗಿನ ಪಕ್ಕೆ, ಹುಲ್ಲಿನ ವಾಸನೆ, ಒಳಗೆ ಏನೋ ಗುಡುಗುಡು. ಅತ್ತೆಯ ದನಿಯ ಹಿಂದೆ ನನ್ನ ದನಿ ಇಳಿಸಿದೆ. ಬೆರಳು ತಾನಾಗಿಯೇ ಆದಿತಾಳ ಎಣಿಸುತ್ತಿತ್ತು, ನನ್ನ ಎಂಟು ಎಣಿಕೆಗೂ ಅವರ ಹಾಡಿಗೂ ಎಲ್ಲೂ ತಾಳೆಯಾಗುತ್ತಿರಲಿಲ್ಲ.

“ಅತ್ತೆ, ತಾಳ ಎಷ್ಟು?”

“ಅದರ ಉಸಿರು ಎಷ್ಟೋ ಅಷ್ಟು. ಅದು ಉಸಿರು ಬಿಟ್ಟಾಗ ಹಿಂಡು, ಎಳ್ಕೊಂಡಾಗ ಬಿಡು. ನೀನು ಎಣಿಸ್ಬೇಡ, ಅದು ಎಣಿಸ್ತದೆ.”

ಎಣಿಸುವುದನ್ನು ಬಿಡುವುದು ನನ್ನಂಥವಳಿಗೆ ಸುಲಭವಲ್ಲ. ಎರಡು ಸಲ ತಪ್ಪಿದೆ, ಎರಡು ಸಲವೂ ಅವರು ಬೇಸರವಿಲ್ಲದೆ ಮೊದಲಿನಿಂದ ಹಾಡಿದರು. ನಾನು ಮಕ್ಕಳಿಗೆ ಪಾಠ ಹೇಳುವಾಗ ಇಷ್ಟು ತಾಳ್ಮೆ ತೋರಿಸಿದ್ದಿಲ್ಲ. ಮೂರನೆಯ ಸಲ ಹಣೆಯ ಕೆಳಗಿನ ಪಕ್ಕೆ ಏರಿತು, ಇಳಿಯಿತು, ಅದರ ಜೊತೆ ನಾನೂ ಹೋದೆ. ಹಸು ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಿತು. ಬೆರಳ ನಡುವೆ ಬಿಗಿದಿದ್ದ ಮೊಲೆ ಮೆತ್ತಗಾಗಿ, ಖಾಲಿ ಬಕೆಟ್ಟಿನ ತಳಕ್ಕೆ ಹಾಲಿನ ಮೊದಲ ಧಾರೆ ಠಣ್ ಎಂದು ಹೊಡೆಯಿತು.

ಆ ಸದ್ದು ಮುಳಬಾಗಿಲಿನವರೆಗೂ ಕೇಳಿಸಿತು. “ಹಾಂ, ಬಂತು ಬಂತು,” ಅಂದರು ಅತ್ತೆ. ಅವರ ದನಿಯಲ್ಲಿದ್ದ ಸಂತೋಷಕ್ಕೆ ನನಗೆ ಅಳು ಬಂತು. ಹಾಡು ನಿಂತುಹೋಯಿತು, ಭುಜ ಅದುರತೊಡಗಿತು. ಹಸು ಕಾಲು ಕದಲಿಸಿತು.

“ಅಳ್ಬೇಡ ಕಣಮ್ಮಾ, ಅದಕ್ಕೆ ಗೊತ್ತಾಗ್ತದೆ,” ಅಂದರು ಅತ್ತೆ ಮೆಲ್ಲಗೆ. “ಹಾಡು. ನಾನೂ ಹಾಡ್ತೀನಿ.”