ಅಪ್ಪ ಸುಟ್ಟ ಪಿಜ್ಜಾ

ವಿಜಯಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದ ಅವ್ವ ಅಲ್ಲಿ ಮೊದಲ ಸಲ ಪಿಜ್ಜಾ ತಿಂದು ಬಂದಳು. ಬಂದವಳು ಸುಮ್ಮನಿರಲಿಲ್ಲ. ಸಿಂದಗಿಯ ನಮ್ಮ ಓಣಿಯಲ್ಲೆಲ್ಲ ಅದನ್ನು ಹೊಗಳುತ್ತ ತಿರುಗಿದಳು. ಅಪ್ಪನಿಗೆ ತಡೆಯಲಾಗಲಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಅವನು ಅಲ್ಲಿಯವರೆಗೆ ಚಹಾ ಕೂಡ ಕಾಸಿದವನಲ್ಲ.

"ಅದರಾಗೇನೈತಿ? ನಾ ಮಾಡ್ತೇನಿ," ಎಂದ.

ಮೊಬೈಲಿನಲ್ಲಿ ವಿಡಿಯೊ ನೋಡಿದ. ವೆಲ್ಡಿಂಗ್ ಅಂಗಡಿಯವನ ತಲೆ ತಿಂದು, ಮುಚ್ಚಳವಿರುವ ಗ್ರಿಲ್ ಮಾಡಿಸಿ ಮಾಳಿಗೆಯ ಮೇಲಿಟ್ಟ. ಭಾನುವಾರ ಮಧ್ಯಾಹ್ನ ಮೈದಾಕ್ಕೆ ಈಸ್ಟ್ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿ, ಗಳಿಗೆಗೊಮ್ಮೆ ಎತ್ತಿ ನೋಡತೊಡಗಿದ.

"ಕೂಸು ಮಲಗೈತೇನ್ರಿ? ಎಬ್ಬಿಸಬ್ಯಾಡ್ರಿ," ಎಂದಳು ಅವ್ವ.

ಸಂಜೆ ಇದ್ದಲಿ ಕೆಂಡವಾಯಿತು. "ಕಾವು ಜೋರ ಇರಬೇಕ. ಇಲ್ಲಂದ್ರ ಅದು ಪಿಜ್ಜಾ ಅಲ್ಲ, ಬಿಸ್ಕೀಟು," ಎಂದು ನಮಗೆ ಪಾಠ ಹೇಳುತ್ತಲೇ, ಹಸಿ ಹಿಟ್ಟಿನ ಮೇಲೆ ಗೊಜ್ಜು, ಚೀಸ್ ಎಲ್ಲವನ್ನೂ ಹೇರಿ ಸರಳುಗಳ ಮೇಲೆ ಇಟ್ಟ. ಹಿಟ್ಟು ಸಂದಿಯಲ್ಲಿ ಜೋತುಬಿತ್ತು. ಚೀಸ್ ಕೆಂಡಕ್ಕೆ ಸುರಿದು ಭಗ್ಗೆಂದು ಉರಿ ಎದ್ದಿತು. ಕೆಳಗೆ ಕರಕಲು, ಮೇಲೆ ಉಳ್ಳಾಗಡ್ಡಿ ಹಸಿಹಸಿ.

"ಹೋಳಿ ಹುಣ್ಣಿವಿ ಇನ್ನಾ ದೂರ ಐತಲ್ರಿ?" ಎಂದಳು ಅವ್ವ.

ನಾನು ಮೊಬೈಲಿನಲ್ಲಿ ಆ ವಿಡಿಯೊ ತೆರೆದು ನೋಡಿದೆ. "ಅಪ್ಪಾ, ಇದರಾಗ ಮೊದಲ ಬರೇ ಹಿಟ್ಟಿಗೆ ಎಣ್ಣಿ ಸವರಿ ಒಂದ ಮಗ್ಗಲ ಸುಡ್ತಾರ. ಹೊಳ್ಳಿಸಿ ಹಾಕಿದ ಮ್ಯಾಲೆ ಉಳದದ್ದು."

"ಗೊತ್ತೈತಿ. ನಿನಗ ಗೊತ್ತೈತೋ ಇಲ್ಲೋ ನೋಡಾಕತ್ತಿದ್ದೆ."

ಎರಡನೆಯದನ್ನು ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ ಹಾಕಿದ. ಗುಳ್ಳೆ ಎದ್ದವು. ಹೊಳ್ಳಿಸಿ, ಟೊಮೆಟೊ ಗೊಜ್ಜು, ಉಳ್ಳಾಗಡ್ಡಿ, ಚೀಸ್ ಹರಡಿ ಮುಚ್ಚಳ ಮುಚ್ಚಿದ. ತೆಗೆದಾಗ ಅಂಚು ಉಬ್ಬಿ ಕೆಂಪಗಾಗಿತ್ತು. ಘಮ ಪಕ್ಕದ ಮಾಳಿಗೆಯವರೆಗೂ ಹೋಯಿತು.

ಅವ್ವ ತಿನ್ನತೊಡಗಿದಳು. ಅಪ್ಪ ಕೈಯಲ್ಲಿ ಇಕ್ಕಳ ಹಿಡಿದು ಎದುರಿಗೇ ನಿಂತ.

"ಹೆಂಗೈತಿ?"

"ಐತಿ."

"ಐತಿ ಅಂದ್ರ?"

"ಇಷ್ಟ ವರ್ಷ ರೊಟ್ಟಿ ಬಡದೇನಿ. ಒಂದ ದಿನರೆ ಹೆಂಗಾಗೈತಿ ಅಂತ ಹೇಳೀರೇನ್ರಿ?"

ಅಪ್ಪ ಮಸಿಗೈಯಿಂದ ಬೆವರು ಒರೆಸಿಕೊಂಡ, ಹಣೆಯೆಲ್ಲ ಕಪ್ಪಾಯಿತು. ಅವನನ್ನು ನೋಡಿ ನನಗೆ ಪಾಪ ಎನಿಸಿತು. ಅವ್ವನಿಗೂ ಎನಿಸಿರಬೇಕು, ಸೆರಗಿನಿಂದ ಅವನ ಹಣೆ ಒರೆಸಿ ತಟ್ಟೆ ಮುಂದೆ ಚಾಚಿದಳು. "ಇನ್ನೊಂದ ಸುಡ್ರಿ. ಖಾರ ಒಂಚೂರು ಜಾಸ್ತಿ ಇರಲಿ."

ಮರುದಿನ ಊಟಕ್ಕೆ ಕುಳಿತ ಅಪ್ಪ ಮೊದಲ ತುತ್ತಿಗೇ ಗಂಟಲು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ, "ರೊಟ್ಟಿ ಭಾಳ ಚಲೋ ಆಗ್ಯಾವ!" ಎಂದ.

ಅವತ್ತು ರೊಟ್ಟಿ ಬಡಿದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೊಡೆ ಚಿವುಟಿ, ಅಪ್ಪನ ತಟ್ಟೆಗೆ ಬೆಣ್ಣೆ ಹಾಕಿದಳು.