ಕೂತರೆ ಬಿಗಿಯಾಗುವ ಸೀಟು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಬೋಲ್ಟಣ್ಣ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಮಂಚದ ಹಿಡಿಕೆ ತಿರುಗದಿದ್ದರೆ, ಗಾಲಿಕುರ್ಚಿ ಒಂದೇ ಕಡೆಗೆ ಎಳೆಯುತ್ತಿದ್ದರೆ, ಸ್ಟ್ರೆಚರಿನ ಚಕ್ರ ಕಿರುಗುಟ್ಟಿದರೆ ನೆಲಮಹಡಿಯ ರಿಪೇರಿ ಕೋಣೆಗೆ ಫೋನು ಬರುತ್ತಿತ್ತು. ನಾನು ಪಕ್ಕದ ಉಗ್ರಾಣದಲ್ಲಿ ಗುಮಾಸ್ತ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅವನು ಸುತ್ತಿಗೆ ಹೊಡೆದರೆ ನನ್ನ ಮೇಜಿನ ಮೇಲೆ ಪೆನ್ನು ಕುಣಿಯುತ್ತಿತ್ತು. ಇಪ್ಪತ್ತೊಂದು ವರ್ಷ ಹೀಗೆ ಕಳೆದೆವು. ಹನ್ನೊಂದು ಗಂಟೆಗೆ ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಎದುರಿನ ಡಬ್ಬದ ಮೇಲೆ ಕೂತರೆ ಚಹಾದ ಹೊತ್ತಾಯಿತು ಎಂದರ್ಥ.

ಅವನ ಮನೆಯಲ್ಲಿ ಮೂವರು: ಅವನು, ಹೆಂಡತಿ, ಅಕ್ಕ. ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲು ಮಾತಿನ ಮಗು. ಅಕ್ಕ ಓದು ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿ ಅವನನ್ನು ಸಾಕಿದರು. ಮದುವೆ ಅವರಿಗೆ ಕೂಡಿಬರಲಿಲ್ಲ. ಕೂಡಿಬಂದಾಗ ಅವರು ಒಪ್ಪಲಿಲ್ಲ ಎನ್ನುವುದೂ ಉಂಟು. ಮೂವತ್ತೆಂಟು ವರ್ಷ ಯಂತ್ರದ ಪೆಡಲು ತುಳಿದು ಕೊನೆಗೆ ಎರಡೂ ಮಂಡಿಗಳನ್ನು ಕಳೆದುಕೊಂಡಿದ್ದರು.

ಬೋಲ್ಟಣ್ಣನಿಗೆ ಮೊದಲು ಅನುಮಾನ ಹುಟ್ಟಿಸಿದ್ದು ನೀರಿನ ಚೊಂಬು. ಬೆಳಿಗ್ಗೆ ಅಕ್ಕನ ಮಗ್ಗುಲಲ್ಲಿ ಇಟ್ಟದ್ದು ಸಂಜೆಗೂ ಹಾಗೆಯೇ ತುಂಬಿರುತ್ತಿತ್ತು. ಕೇಳಿದರೆ ಬಾಯಾರಿಕೆಯಿಲ್ಲ ಎನ್ನುವರು. ಕೊನೆಗೆ ಅವನ ಹೆಂಡತಿಯೇ ಬಾಯಿಬಿಟ್ಟಳು.

“ಬಾಯಾರಿಕೆ ಯಾಕಿಲ್ಲ? ಕುಡಿದ್ರೆ ಹೋಗ್ಬೇಕಲ್ಲ. ಹೋದ್ರೆ ಏಳೋಕಾಗಲ್ಲ. ಮೊನ್ನೆ ಅರ್ಧ ಗಂಟೆ ಒಳಗೇ ಇದ್ರು. ನಲ್ಲಿ ಹಿಡ್ಕೊಂಡು ಏಳೋಕೆ ಹೋಗಿ ನಲ್ಲೀನೇ ಕಿತ್ತು ಬಂತು. ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು.”

ಆ ನಲ್ಲಿಯನ್ನು ಸರಿಮಾಡಿದವನು ಅವನೇ. ತುಕ್ಕು ಹಿಡಿದಿರಬೇಕು ಅಂದುಕೊಂಡಿದ್ದನಂತೆ.

ಮರುದಿನವೇ ಅಂಗಡಿಯಿಂದ ಎತ್ತರದ ಸೀಟೊಂದನ್ನು ತಂದು ಕಮೋಡಿನ ಮೇಲೆ ಕೂರಿಸಿದ. ಅಕ್ಕನಿಗೆ ಸರಿಹೋಯಿತು. ಆದರೆ ಮನೆಗಿರುವುದು ಒಂದೇ ಪಾಯಿಖಾನೆ, ಅವನ ಹೆಂಡತಿ ಗಿಡ್ಡ. ಅವಳ ಕಾಲುಗಳು ನೆಲಕ್ಕೆ ಮುಟ್ಟದೆ ತೂಗಾಡತೊಡಗಿದವು. ಪ್ರತಿ ಸಲವೂ ಸೀಟು ತೆಗೆದಿಡಬೇಕು, ಅಕ್ಕ ಹೋಗುವಾಗ ಮತ್ತೆ ಹಾಕಬೇಕು. ಯಾರನ್ನಾದರೂ ಕೂಗಿ ಹಾಕಿಸಿಕೊಳ್ಳಲು ಅಕ್ಕನಿಗೆ ನಾಚಿಕೆ. ನೀರಿನ ಚೊಂಬು ಮತ್ತೆ ತುಂಬಿಯೇ ಉಳಿಯಿತು.

ಏರಿಸಬಹುದಾದ, ಇಳಿಸಬಹುದಾದ ಸೀಟು ಮಾಡುತ್ತೇನೆಂದು ಅವನು ಹೊರಟದ್ದು ಹೀಗೆ. ಮೊದಲು ಕಾರಿನ ಜ್ಯಾಕು ತಂದು ಜೋಡಿಸಿದ. ನಲವತ್ತು ಸುತ್ತು ತಿರುಗಿಸಿದರೆ ಒಂದು ಗೇಣು ಏರುತ್ತಿತ್ತು. “ಅಷ್ಟು ತಿರುಗಿಸೋ ಹೊತ್ತಿಗೆ ಬಂದಿದ್ದು ವಾಪಸ್ ಹೋಗುತ್ತೆ ಕಣೋ,” ಎಂದರು ಅಕ್ಕ. ಆಮೇಲೆ ಆಫೀಸು ಕುರ್ಚಿಯ ಗಾಳಿಕೊಳವೆ ಹಾಕಿದ. ಅಕ್ಕ ಕೂತದ್ದೇ ತಡ, ಸೀಟು ಬುಸ್ಸೆಂದು ಕೆಳಗಿಳಿಯಿತು. ಅವರ ಕೂಗು ಎದುರು ಮನೆಗೂ ಕೇಳಿಸಿತು. ಮೂರನೆಯದರಲ್ಲಿ ಪಿನ್ನುಗಳಿದ್ದವು. ಅದು ಗಟ್ಟಿಯಾಗೇನೋ ನಿಂತಿತು, ಆದರೆ ಪಿನ್ನು ಹಾಕಲು ಬಗ್ಗಬೇಕು, ಬಗ್ಗಲು ಮಂಡಿ ಬೇಕು.

ಹನ್ನೊಂದನೆಯ ತಿಂಗಳಲ್ಲಿ ದಾರಿ ಸಿಕ್ಕಿತು. ಎರಡೂ ಬದಿಗೆ ಗರಗಸದಂತೆ ಹಲ್ಲಿರುವ ಉಕ್ಕಿನ ಪಟ್ಟಿ, ಸೀಟಿನ ಅಡಿಯಲ್ಲಿ ಒಂದೊಂದು ಕೊಕ್ಕೆ. ಖಾಲಿ ಸೀಟನ್ನು ಒಂದೇ ಬೆರಳಿನಲ್ಲಿ ಎತ್ತಬಹುದು, ಇಳಿಸಬಹುದು. ಮೈಭಾರ ಬಿದ್ದ ಕೂಡಲೇ ಕೊಕ್ಕೆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಭಾರ ಹೆಚ್ಚಾದಷ್ಟೂ ಹಿಡಿತ ಹೆಚ್ಚು. “ಕೂತ್ರೆ ಬಿಗಿ, ಎದ್ರೆ ಸಡಿಲ. ಇಷ್ಟೇ ನೋಡು,” ಎಂದು ನನ್ನ ಮೇಜಿನ ಮೇಲಿದ್ದ ಬಾಚಣಿಗೆಗೆ ಪೆನ್ನಿನ ಕ್ಲಿಪ್ಪು ಸಿಕ್ಕಿಸಿ ತೋರಿಸಿದ. ಆ ವಾರದಿಂದ ಅಕ್ಕ ದಿನಕ್ಕೆರಡು ಚೊಂಬು ನೀರು ಕುಡಿಯತೊಡಗಿದರು.

ಅದನ್ನು ಹೊರಗೆ ತಂದದ್ದು ನಮ್ಮ ಮೂಳೆ ಡಾಕ್ಟರು. ಅಕ್ಕನ ಮಂಡಿ ನೋಡುವಾಗ ವಿಷಯ ತಿಳಿದು, ಆಸ್ಪತ್ರೆಯ ವಾರ್ಷಿಕ ಪ್ರದರ್ಶನಕ್ಕೆ ಸೀಟನ್ನು ತರಿಸಿದರು, ಆಸ್ಪತ್ರೆ ಹೊರತರುವ ಪತ್ರಿಕೆಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದರು. ಚಿತ್ರ ಬರೆದುಕೊಟ್ಟವನು ಬೋಲ್ಟಣ್ಣ. ಹಲ್ಲಿನ ಅಳತೆ, ಕೊಕ್ಕೆಯ ಓರೆ, ಒಂದನ್ನೂ ಬಿಟ್ಟಿರಲಿಲ್ಲ. ಮೇಲೊಂದು ಫೋಟೋ: ಒಳ್ಳೆಯ ಬಟ್ಟೆ ತೊಟ್ಟು ಸೀಟಿನ ಮೇಲೆ ಕೂತು ಬಾಯ್ತುಂಬ ನಗುತ್ತಿರುವ ಅಕ್ಕ.

“ಅರವತ್ತನಾಲ್ಕು ವರ್ಷಕ್ಕೆ ಪೇಪರಲ್ಲಿ ಫೋಟೋ ಬಂತು, ಅದೂ ಕಮೋಡಿನ ಮೇಲೆ,” ಎಂದು ಬಂದವರಿಗೆಲ್ಲ ಹೇಳಿ ನಕ್ಕರು. ಆದರೂ ಆ ಪುಟವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಸಾಮಾನು ಒದಗಿಸುವ ಕಂಪನಿಯೊಂದರ ಮಾರಾಟಗಾರ ಬಂದು, ಪ್ರದರ್ಶನದ ನಂತರ ಬೋಲ್ಟಣ್ಣ ರಿಪೇರಿ ಕೋಣೆಯಲ್ಲಿ ಮಾಡಿಟ್ಟಿದ್ದ ಎರಡನೇ ಸೀಟನ್ನು ನೋಡಿ, ಜೇಬಿನಿಂದ ಟೇಪು ತೆಗೆದು ಅಳೆಯತೊಡಗಿದ. ಅವನು ಹೋದ ಮೇಲೆ ನಾನು ಹೇಳಿದೆ: “ಇದಕ್ಕೆ ಪೇಟೆಂಟ್ ಮಾಡಿಸು ಮಾರಾಯ. ಇಲ್ದಿದ್ರೆ ನಾಳೆ ಇನ್ಯಾರದೋ ಹೆಸರಲ್ಲಿ ಬರುತ್ತೆ.” ಹೌದು, ಆ ಮಾತು ನನ್ನದು. ಅರ್ಜಿಯ ನಮೂನೆ ತಂದವನೂ ನಾನೇ. ವಕೀಲರ ಗೋಜಿಗೆ ಹೋಗಲಿಲ್ಲ. ಅವನು ಹೇಳುತ್ತಾ ಹೋದ, ನಾನು ಟೈಪು ಮಾಡುತ್ತಾ ಹೋದೆ. ಆರು ತಿಂಗಳು ಹಿಡಿಯಿತು.

ಪೇಟೆಂಟ್ ಕಚೇರಿಯಿಂದ ಪರೀಕ್ಷೆಯ ವರದಿ ಬರಲು ಮೂರು ವರ್ಷ ಬೇಕಾಯಿತು. ಅಲ್ಲಿನ ಪರೀಕ್ಷಕಿ ಎಲ್ಲಿಯದೋ ಎರಡು ಹಳೆಯ ಪೇಟೆಂಟ್ ಹುಡುಕಿದ್ದರು. ಒಂದು ಮೋಟಾರಿನಿಂದ ಏರುವ ಸೀಟು, ಇನ್ನೊಂದು ಪಿನ್ನಿನದು. ಇವೆರಡೂ ಇರುವಾಗ ನಿಮ್ಮದು ಆ ಕಸುಬು ಬಲ್ಲ ಯಾರಿಗಾದರೂ ಸುಲಭವಾಗಿ ಹೊಳೆಯುವಂಥದ್ದು ಎಂದು ಬರೆದಿದ್ದರು. ಬೋಲ್ಟಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

“ಕಸುಬು ಬಲ್ಲೋನು ನಾನೇ ಅಲ್ವೇನೋ? ನನಗೆ ಹೊಳೀಲಿಲ್ಲವಲ್ಲ! ಹನ್ನೊಂದು ತಿಂಗಳು ತಲೆ ಕೆರ್ಕೊಂಡೆ. ಬರಿ, ಅದನ್ನೇ ಬರಿ.”

ಬರೆದೆ. ಜ್ಯಾಕು, ಗಾಳಿಕೊಳವೆ, ಪಿನ್ನು, ಒಂದೊಂದೂ ಯಾಕೆ ಸೋತಿತೆಂದು ಹದಿನಾಲ್ಕು ಪುಟದ ಉತ್ತರ ಸಿದ್ಧವಾಯಿತು. ಲಕೋಟೆ ಅಂಟಿಸುವ ಹೊತ್ತಿಗೆ ಅವನು ಅಕ್ಕನ ಪೆಟ್ಟಿಗೆಯಲ್ಲಿದ್ದ ಪತ್ರಿಕೆಯ ಪುಟಗಳನ್ನು ತಂದ. “ಇದನ್ನೂ ಸೇರಿಸು. ಡಾಕ್ಟರೇ ಹೊಗಳಿದ್ದಾರೆ ಅಂತ ಗೊತ್ತಾಗ್ಲಿ.” ನಾನು ಅದನ್ನು ಕೊನೆಯ ಹಾಳೆಯಾಗಿ ಪಿನ್ನು ಮಾಡಿದೆ.

ವಿಚಾರಣೆಗೆ ಕರೆ ಬಂದಾಗ ಇಬ್ಬರೂ ರಜೆ ಹಾಕಿ ಪೇಟೆಂಟ್ ಕಚೇರಿಗೆ ಹೋದೆವು. ನಾಲ್ಕನೆಯ ಮಹಡಿಯ ಕಿರಿದಾದ ಕೋಣೆ. ಮೇಜಿನ ಮೇಲೆ ಎರಡು ಕಂಪ್ಯೂಟರು, ನೆಲದಿಂದ ಕಿಟಕಿಯವರೆಗೆ ಫೈಲು. ಪರೀಕ್ಷಕಿಗೆ ಮೂವತ್ತೈದರೊಳಗಿನ ವಯಸ್ಸು. ಅವರ ಮುಂದೆ ರಟ್ಟಿನಿಂದ ಕತ್ತರಿಸಿದ ಹಲ್ಲುಪಟ್ಟಿ, ರಟ್ಟಿನದೇ ಕೊಕ್ಕೆ. ಅರ್ಥಮಾಡಿಕೊಳ್ಳಲೆಂದು ಅವರೇ ಮಾಡಿಕೊಂಡದ್ದು.

“ಒತ್ತಿದಷ್ಟೂ ಹಿಡಿಯುತ್ತೆ, ಅಲ್ವಾ?” ಎಂದು ಒತ್ತಿ ತೋರಿಸಿದರು. “ನಿಮ್ಮ ಉತ್ತರ ಓದಿದೆ. ಆ ಎರಡು ಹಳೇ ಪೇಟೆಂಟಲ್ಲಿ ಇದಿಲ್ಲ. ಆ ಆಕ್ಷೇಪ ನಾನು ಕೈಬಿಡ್ತೀನಿ.”

ಬೋಲ್ಟಣ್ಣನ ಮುಖ ಅರಳಿತು. ಅವರು ಹಾಳೆ ತಿರುವಿದರು.

“ಈ ಪತ್ರಿಕೆ ಯಾವಾಗ ಬಂದಿದ್ದು?”

“ಅರ್ಜಿ ಹಾಕೋದಕ್ಕೆ ಎರಡೂವರೆ ವರ್ಷ ಮುಂಚೇನೇ ಮೇಡಂ! ಅವತ್ತಿಂದ ಇವತ್ತಿನವರೆಗೂ ಒಂದು ಸಲಾನೂ ಕೈಕೊಟ್ಟಿಲ್ಲ.”

“ಹೊರಗಿನವರಿಗೆ ಸಿಗುತ್ತಾ ಇದು?”

“ಎರಡು ಸಾವಿರ ಪ್ರತಿ ಮೇಡಂ. ಲೈಬ್ರರಿಗಳಿಗೂ ಹೋಗುತ್ತೆ.”

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ಅರ್ಜಿ ಹಾಕೋ ಹೊತ್ತಿಗೆ ಅದು ಹೊಸದಾಗಿರ್ಬೇಕು. ಇದರಲ್ಲಿ ನಿಮ್ಮ ಇಡೀ ಯಂತ್ರ ಇದೆ, ಅಳತೆ ಸಮೇತ. ಸರ್ಕಾರ ಒಪ್ಪಿದ ಪ್ರದರ್ಶನದಲ್ಲಿ ತೋರಿಸಿದ್ದಾದ್ರೂ ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು. ನೀವು ಬಂದಿದ್ದು ಎರಡೂವರೆ ವರ್ಷಕ್ಕೆ.”

“ಆದ್ರೆ ಅದು ನಂದೇ, ಮೇಡಂ. ಚಿತ್ರ ಬರೆದೋನು ನಾನು. ಕೂತಿರೋಳು ನಮ್ಮಕ್ಕ.”

“ಗೊತ್ತು. ನಿಮ್ಮದಲ್ಲ ಅಂತ ನಾನು ಹೇಳ್ತಿಲ್ಲ. ಹೊಸದಲ್ಲ ಅಂತಿದೀನಿ.”

“ನೀವು ಹುಡುಕಿದ್ರೆ ಇದು ಸಿಗ್ತಿತ್ತಾ?”

ಪರೀಕ್ಷಕಿ ಸುಳ್ಳು ಹೇಳಲಿಲ್ಲ. “ಬಹುಶಃ ಇಲ್ಲ. ಆದ್ರೆ ಈಗ ಫೈಲಲ್ಲಿದೆ. ನೋಡಿದ್ದನ್ನ ನೋಡ್ಲಿಲ್ಲ ಅಂತ ನಾನು ಬರೆಯೋಕಾಗಲ್ಲ.”

“ಒಂದು ವರ್ಷ ಅನ್ನೋದನ್ನ ನನಗೆ ಯಾರು ಹೇಳ್ಬೇಕಿತ್ತು?”

ಅವರು ಫೈಲು ಮುಚ್ಚಿದರು. ನಾನು ಗೋಡೆ ನೋಡುತ್ತಾ ಕೂತೆ.

ಹದಿನೈದು ದಿನಕ್ಕೆ ಅರ್ಜಿ ತಿರಸ್ಕೃತವಾದ ಆದೇಶ ಬಂತು. ಕಾಗದವನ್ನು ಅವನು ಮನೆಯಲ್ಲಿ, ಊಟದ ಮೇಜಿನ ಹತ್ತಿರ ಒಡೆದ. ಅಕ್ಕ ಕೋಣೆಯಿಂದಲೇ ಕೇಳಿದರು: “ಏನಂತೋ? ಕೊಟ್ರಾ?”

ಆಗ ಅವನ ಬಾಯಿಂದ ಬಂದ ಮಾತನ್ನು ಅವನ ಹೆಂಡತಿ ನನಗೆ ಹೇಳಿದಳು. “ಎಲ್ಲಿ ಕೊಡ್ತಾರೆ? ನೀನು ಹಲ್ಲು ಕಿರಿದುಕೊಂಡು ಫೋಟೋಕ್ಕೆ ಕೂತಿದ್ದೆಯಲ್ಲ, ಅದರಿಂದಾನೇ ಹೋಯ್ತು. ಊರಿಗೆಲ್ಲ ತೋರಿಸ್ಕೊಳ್ಳೋ ಚಪಲ ನಿನಗೆ.”

ಫೋಟೋಕ್ಕೆ ಕೂರು ಎಂದು ದುಂಬಾಲು ಬಿದ್ದವನು ಅವನೇ. ಅಕ್ಕ ಅದನ್ನು ನೆನಪಿಸಲಿಲ್ಲ. “ಹಾಗಾ,” ಎಂದರಂತೆ ಅಷ್ಟೇ.

ಮರುದಿನದಿಂದ ಅಕ್ಕ ಆ ಸೀಟಿನ ಮೇಲೆ ಕೂರಲಿಲ್ಲ. ಹಳೆಯ ಕುರ್ಚಿಯೊಂದಕ್ಕೆ ತೂತು ಕೊರೆಸಿ, ಅದರ ಕೆಳಗೆ ಬಕೆಟ್ಟು ಇಟ್ಟು, ತಮ್ಮ ಕೋಣೆಯಲ್ಲೇ ಮುಗಿಸಿಕೊಳ್ಳತೊಡಗಿದರು. ಬಕೆಟ್ಟು ತೊಳೆಯುವ ಕೆಲಸ ನಾದಿನಿಗೆ ಹೆಚ್ಚಾಗಬಾರದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಬೋಲ್ಟಣ್ಣ ಎರಡು ಮೂರು ಸಲ ಕರೆದ. “ಬಾ ಅಕ್ಕ, ಏನೋ ಸಿಟ್ಟಲ್ಲಿ ಅಂದೆ. ಅದನ್ನೇ ಹಿಡ್ಕೊಂಡು ಕೂರ್ತೀಯಾ?”

“ಸಿಟ್ಟೇನಿಲ್ಲಪ್ಪ. ನನಗೆ ಇದೇ ಅನುಕೂಲ.”

ಮೂರನೆಯ ತಿಂಗಳು ಚಳಿಜ್ವರ ಹಿಡಿದು ಅಕ್ಕ ನಮ್ಮ ಆಸ್ಪತ್ರೆಗೇ ಬಂದರು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ಹದಿನೆಂಟು ದಿನ ಇದ್ದರು. ಮಂಚದ ಹಿಡಿಕೆ ಸರಿಯಾಗಿದೆಯೇ ಎಂದು ಬೋಲ್ಟಣ್ಣ ಗಂಟೆಗೊಮ್ಮೆ ಬಂದು ತಿರುಗಿಸಿ ನೋಡುತ್ತಿದ್ದ. ಮಾತಾಡಲು ಬೇರೆ ನೆವ ಅವನಿಗೆ ಹೊಳೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಹಣ್ಣು ತಗೊಂಡು ಹೋದಾಗ ಅವನು ಮಂಚದ ಕಾಲಬಳಿ ಕೂತು, “ತಪ್ಪಾಯ್ತಕ್ಕ,” ಎನ್ನುತ್ತಿದ್ದ. ಅಕ್ಕ ಅವನ ತಲೆ ಮೇಲೆ ಕೈಯಿಟ್ಟರು. ಆದರೆ ಹೇಳಿದ್ದು ಇಷ್ಟು: “ನಿನ್ನನ್ನ ಎತ್ತಿ ಆಡಿಸಿದ್ದು ನಾನು. ನನಗೆ ಊರ ಮುಂದೆ ಹಲ್ಲು ಕಿರಿಯೋಳು ಅಂದ್ಯಲ್ಲೋ.” ಮನೆಗೆ ಹೋದ ಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಐದು ತಿಂಗಳಿಗೆ ತೀರಿಕೊಂಡರು.

ಅವರು ಹೋದ ಮರುವರ್ಷ ಉಗ್ರಾಣಕ್ಕೆ ಮೂವತ್ತು ಪೆಟ್ಟಿಗೆ ಬಂದವು. ಬಿಡಿಸಿ ನೋಡಿದರೆ ಏರಿಸಿ ಇಳಿಸುವ ಸೀಟು. ಹಲ್ಲುಪಟ್ಟಿ, ಕೊಕ್ಕೆ, ಎಲ್ಲಾ ಅದೇ. ಟೇಪು ಹಿಡಿದು ಬಂದಿದ್ದ ಕಂಪನಿಯದೇ ಮಾಲು. ಎಡಪಟ್ಟಿಯ ಮೂಲೆಯಲ್ಲಿ ಅರ್ಧಚಂದ್ರದಂತೆ ಒಂದು ಕಚ್ಚು ಬೇರೆ ಇತ್ತು. ಬೋಲ್ಟಣ್ಣ ಅದರ ಮೇಲೆ ಹೆಬ್ಬೆರಳು ಆಡಿಸಿದ.

“ಇದು ಯಾತಕ್ಕೆ ಗೊತ್ತಾ? ನಮ್ಮ ಮನೇಲಿ ನೀರಿನ ಪೈಪು ಸೊಟ್ಟಗಿದೆ. ಅದಕ್ಕೆ ಅಡ್ಡ ಬರ್ಬಾರ್ದು ಅಂತ ಕತ್ತರಿಸಿದ್ದೆ. ಚಿತ್ರದಲ್ಲೂ ಹಾಗೇ ಬರೆದುಬಿಟ್ಟಿದ್ದೆ. ಇವರೂ ಕತ್ತರಿಸಿದ್ದಾರೆ ನೋಡು, ಮೂವತ್ತಕ್ಕೂ.”

ಯಾರ ಮೇಲೆ ದೂರು ಕೊಡುವುದು? ಪತ್ರಿಕೆಯಲ್ಲಿ ಬಂದದ್ದು ಎಲ್ಲರದ್ದು. ಅವರು ಮಾಡಿದ್ದರಲ್ಲಿ ಕಾನೂನಿನ ತಪ್ಪೇನೂ ಇರಲಿಲ್ಲ. ಮೂವತ್ತನ್ನೂ ವಾರ್ಡುಗಳಲ್ಲಿ ಕೂರಿಸುವ ಕೆಲಸ ರಿಪೇರಿ ಕೋಣೆಗೆ ಬಿತ್ತು. ಬೋಲ್ಟಣ್ಣ ನಾಲ್ಕು ದಿನ ಮಂಡಿಯೂರಿ ಬೋಲ್ಟು ಬಿಗಿದ. ಹೆಂಗಸರ ವಾರ್ಡಿನಲ್ಲಿ ನರ್ಸೊಬ್ಬಳು, “ಎಷ್ಟು ಬುದ್ಧಿವಂತರಪ್ಪ ಇದನ್ನ ಮಾಡ್ದೋರು!” ಎಂದಳು. ಅವನು ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಮುಂದಿನ ಕೋಣೆಗೆ ಹೋದ.

ನನ್ನನ್ನು ಅವನು ಎಂದೂ ಒಂದು ಮಾತು ಅನ್ನಲಿಲ್ಲ. ಅರ್ಜಿ ಹಾಕು ಎಂದದ್ದು, ನಿಯಮ ಓದದೆ ನಮೂನೆ ತುಂಬಿದ್ದು, ಆ ಪುಟವನ್ನು ಪಿನ್ನು ಮಾಡಿದ್ದು, ಮೂರೂ ಅವನಿಗೆ ಗೊತ್ತು. ಅಕ್ಕನಿಗೆ ಅಂದ ಮೇಲೆ ಇನ್ನೊಬ್ಬರನ್ನು ಅನ್ನುವುದನ್ನೇ ಬಿಟ್ಟಿದ್ದನೇನೋ. ಅಂದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅದರ ಬದಲು ಅವನು ಹನ್ನೊಂದು ಗಂಟೆಯ ಚಹಾವನ್ನು ತನ್ನ ಕೋಣೆಯಲ್ಲೇ ಕುಡಿಯತೊಡಗಿದ. ಅವನ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು. ಅಷ್ಟು ದಿನವೂ ಹಲಗೆಯ ಆಚೆ ಲೋಟ ಮೇಜಿಗೆ ತಾಗುವ ಸದ್ದು ನನಗೆ ಕೇಳಿಸುತ್ತಿತ್ತು. ಎದ್ದು ಹೋಗಿ ಬಾಗಿಲು ತಟ್ಟಬಹುದಿತ್ತು. ತಟ್ಟಲಿಲ್ಲ.