ಕೆರೆಗೆ ಇಳಿದ ಕಡಾಯಿ

ನಮ್ಮ ಕಡೆ ದೋಣಿ ಎಂಬುದಿಲ್ಲ. ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ನಮ್ಮೂರು. ಊರ ಮಗ್ಗುಲಲ್ಲೇ ಕೆರೆ. ದನ ಇಳಿಯುತ್ತಿದ್ದವು, ಹುಡುಗರು ಈಸುತ್ತಿದ್ದರು. ಆದರೆ ಆ ನೀರಿನ ಮೇಲೆ ಕೂತು ಹೋಗಬಹುದು ಎಂದು ಎಪ್ಪತ್ತರ ದಶಕದ ಕೊನೆಯವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆದಾಗ ಸಿಕ್ಕಿದ್ದು ಸಾವಕಾರರ ಬೆಲ್ಲದ ಕಡಾಯಿ.

ಕಬ್ಬಿನ ಹಾಲು ಕುದಿಸುವ ಕಬ್ಬಿಣದ ಕಡಾಯಿ ಅದು. ಎತ್ತಿ ಬಂಡಿಗೆ ಹಾಕಲು ಒಂದು ಗುಂಪು ಗಂಡಸರೇ ಬೇಕು. ಆ ಗುಂಪು ಯಾವಾಗಲೂ ನಮ್ಮ ಓಣಿಯದೇ. ನಾವು ಊರ ಹೊರಗಿನವರು. ಅಪ್ಪನ ಕಾಲಕ್ಕೇ ಬೌದ್ಧರಾಗಿದ್ದೆವು, ಗೋಡೆಗೆ ಬುದ್ಧನ ಪಟ ಬಂದಿತ್ತು. ಊರವರ ಕಣ್ಣಿಗೆ ಮಾತ್ರ ನಾವು ಮೊದಲು ಏನಾಗಿದ್ದೆವೋ ಅದೇ ಆಗಿದ್ದೆವು. ಸಾವಕಾರರ ಗಾಣದಲ್ಲಿ ಕಬ್ಬು ಹೊರುವುದು, ಒಣಗಿದ ಸಿಪ್ಪೆಯನ್ನು ಒಲೆಗೆ ತುರುಕುವುದು ನಮ್ಮ ಪಾಲಿನ ಕೆಲಸ. ಕಡಾಯಿಯ ಹೊರಗಿನ ಮಸಿ ನಮ್ಮದು, ಒಳಗಿನ ಪಾಕ ಅವರದು. ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ, ನಡೆಯಲು ಕಲಿತಷ್ಟೇ ಸಹಜವಾಗಿ ಕಲಿತಿದ್ದೆವು.

ಕೆರೆಗೆ ಅಂತರಗಂಗೆಯೆಂಬ ತೇಲುವ ಕಳೆ ಬಂದದ್ದು ಹೂವಿನ ಆಸೆಯಿಂದ. ಯಾರೋ ಪುಣ್ಯಾತ್ಮರು ನೇರಳೆ ಹೂ ಚಂದ ಕಂಡಿತೆಂದು ಎಲ್ಲಿಂದಲೋ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ನೀರು ಕಾಣದಂತಾಯಿತು. ಆಚೆ ದಡದಲ್ಲಿ ಆಳೆತ್ತರದ ಜೊಂಡು ಬೆಳೆದಿರುತ್ತಿತ್ತು. ನಮ್ಮ ಮನೆಗಳ ಮಾಡಿಗೆ ಅದೇ ಹೊದಿಕೆ, ನೀರುಕೋಳಿಗಳಿಗೆ ಅದೇ ಗೂಡು. ಅಂತರಗಂಗೆ ಅದನ್ನು ಒತ್ತಿ ಒತ್ತಿ ಕೊಳೆಸಿಬಿಟ್ಟಿತು. ಬೇರು ಹೋದ ಮೇಲೆ ದಡ ಕುಸಿಯಿತು, ಮಣ್ಣು ಬಂದು ತೂಬಿಗೆ ಕಟ್ಟಿಕೊಂಡಿತು, ಸಾವಕಾರರ ಕಬ್ಬಿಗೆ ನೀರು ಸಾಲದಾಯಿತು. ಆಗ ಊರಿಗೆ ಕೆರೆಯ ನೆನಪಾಯಿತು.

ಸಾವಕಾರರ ಮಗ ಕಲ್ಯಾಣದಲ್ಲಿ ಕಾಲೇಜಿಗೆ ಹೋಗುತ್ತಿದ್ದ. ಬೇಸಿಗೆ ರಜೆಯಲ್ಲಿ ಗೆಳೆಯರನ್ನು ಕರೆತಂದು ಶ್ರಮದಾನ ಎಂದು ಡಂಗುರ ಸಾರಿಸಿದ. ವರ್ಷವಿಡೀ ಶ್ರಮವನ್ನೇ ಮಾಡುವವರಿಗೆ ಅದನ್ನು ದಾನವನ್ನೂ ಮಾಡಿ ಎಂದರೆ ನಗು ಬರದೆ ಇರುತ್ತದೆಯೇ? ನಾನು ನಕ್ಕೆ. ಅಣ್ಣ ನಗಲಿಲ್ಲ. ಜೊಂಡು ಕೊಯ್ಯುತ್ತ ಆ ನೀರಿನಲ್ಲೇ ಬೆಳೆದವನು ಅವನು. "ಕೆರಿ ಮೂಕ ಆಗ್ಯಾದ, ಒಂದ ಹಕ್ಕಿ ಒದರೂದಿಲ್ಲ" ಎಂದು ಒಂದೆರಡು ವರ್ಷದಿಂದ ಗೊಣಗುತ್ತಲೇ ಇದ್ದ. ಅವನು ಹೊರಟ, ಅವನ ಹಿಂದೆ ಓಣಿಯೇ ಹೊರಟಿತು. ಓಣಿಯ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ನಾನೂ ಹೊರಟೆ.

ಈಚೆ ದಡದ ಕಳೆಯನ್ನು ನೀರಿಗಿಳಿದು ಕಿತ್ತದ್ದಾಯಿತು. ನಡುಗೆರೆಯ ಕಳೆ ಕೀಳುವುದಕ್ಕೆ, ಆಚೆ ದಡದಲ್ಲಿ ಹೊಸ ಜೊಂಡು ನೆಡುವುದಕ್ಕೆ ನೀರಿನ ಮೇಲೇ ಹೋಗಬೇಕಿತ್ತು. ಕಡಾಯಿ ಬಂತು. ಕಾಲೇಜಿನ ಹುಡುಗರಿಬ್ಬರು ಬೇವಿನ ಹಲಗೆ ಹಿಡಿದು ಹತ್ತಿದರು. ಗುಂಡನೆಯ ಕಡಾಯಿಗೆ ಹಿಂದು ಮುಂದು ಎಲ್ಲಿಂದ ಬರಬೇಕು? ಒಬ್ಬ ಹಲಗೆ ಹಾಕಿದರೆ ಬುಗುರಿಯಂತೆ ತಿರುಗಿತು, ಇಬ್ಬರೂ ಹಾಕಿದರೆ ಇನ್ನೂ ಜೋರಾಗಿ ತಿರುಗಿತು. ಕೊನೆಗೆ ಇಬ್ಬರೂ ಕೆಸರಿಗೆ ಬಿದ್ದು, ಕನ್ನಡಕ ಹುಡುಕುತ್ತ ಎದ್ದರು. ನಾವು ಹೆಂಗಸರು ಹೊಟ್ಟೆ ಹಿಡಿದು ನಕ್ಕೆವು.

ಸಾವಕಾರರು ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ತೂಬಿನ ಚಿಂತೆ ಅವರಿಗೆ. "ಲೇ, ನಿನಗ ನೀರಿನ ಅಂದಾಜ ಅದ. ನೀ ಹತ್ತು" ಎಂದು ಅಣ್ಣನಿಗೆ ಹೇಳಿದರು. ಅಣ್ಣ ಕೈ ಒರೆಸಿಕೊಂಡು ಅವರ ಮುಖವನ್ನೇ ನೋಡಿದ. "ಒಳಗರಿ?" ಎಂದು ಕೇಳಿದ.

"ಮತ್ತ ಕಡಾಯಿ ಹೊರಗ ಕುಂದರ್ತೀ ಏನು?" ಎಂದರು ಸಾವಕಾರರು. ಎಲ್ಲರೂ ನಕ್ಕರು. ಅಣ್ಣ ಹತ್ತಿದ. ಎದುರಿಗೆ ಸಾವಕಾರರ ಮಗ ಕೂತ. ಎದುರು ಬದುರು, ಮೊಣಕಾಲಿಗೆ ಮೊಣಕಾಲು ತಗುಲಿಸಿ ಕೂತರೆ ಮಾತ್ರ ಕಡಾಯಿ ಒಂದು ಹದಕ್ಕೆ ಬರುತ್ತಿತ್ತು. ಒಬ್ಬ ಎಳೆದಾಗ ಇನ್ನೊಬ್ಬ ತಡೆಯಬೇಕು. ಮೊದಮೊದಲು ಬೈಗುಳ ಕೇಳಿಸುತ್ತಿತ್ತು, ಆಮೇಲೆ ಹರಟೆ ಕೇಳಿಸತೊಡಗಿತು. ಅಣ್ಣನನ್ನು ಲೇ ಎನ್ನುತ್ತಿದ್ದ ಹುಡುಗ ಬೇಸಿಗೆ ಮುಗಿಯುವಷ್ಟರಲ್ಲಿ ಅಣ್ಣಾ ಎನ್ನುತ್ತಿದ್ದ. ಅಣ್ಣ ಮಾತ್ರ ಅವನನ್ನು ಸಣ್ಣ ಸಾವಕಾರ್ರ ಎನ್ನುವುದನ್ನು ಬಿಡಲಿಲ್ಲ.

ಹಳ್ಳದಿಂದ ಜೊಂಡಿನ ಗಡ್ಡೆ ಕಿತ್ತು ನಾವು ಕಡಾಯಿಗೆ ತುಂಬುತ್ತಿದ್ದೆವು, ಅವರು ಒಯ್ದು ಆಚೆ ದಡದ ಕೆಸರಿಗೆ ಊರುತ್ತಿದ್ದರು. ಬರುವಾಗ ಕಡಾಯಿಯ ತುಂಬ ಅಂತರಗಂಗೆ. ಬಿಸಿಲಿಗೆ ಕಬ್ಬಿಣ ಕಾಯ್ದು ಅಣ್ಣನ ತೊಡೆಯಲ್ಲಿ ಬೊಬ್ಬೆ ಎದ್ದವು. ಮಳೆಗಾಲ ಬಂತು, ನೀರು ಏರಿತು. ಜೊಂಡು ಮುಳುಗಲಿಲ್ಲ, ತಲೆ ಎತ್ತಿ ನಿಂತಿತು. ಒಂದು ಮುಂಜಾನೆ ಅಣ್ಣ ಓಡಿ ಬಂದು ನನ್ನನ್ನು ಎಳೆದುಕೊಂಡು ಹೋದ. ಜೊಂಡಿನ ಬುಡದಿಂದ ನೀರುಕೋಳಿಯೊಂದು ಮರಿಗಳ ಸಾಲು ಕಟ್ಟಿಕೊಂಡು ಹೊರಟಿತ್ತು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿದ್ದು ಅವತ್ತು. ನನಗೂ ಕಣ್ಣು ತುಂಬಿತು.

ದೀಪಾವಳಿಯ ನಂತರ ಕಬ್ಬು ಕಡಿಯುವ ಕಾಲ. ಅಷ್ಟರಲ್ಲಿ ಸುದ್ದಿ ಹಬ್ಬಿತು: ಆಯಿ ಆ ಕಡಾಯಿಯನ್ನು ಒಲೆಗೇರಿಸಲು ಬಿಡುತ್ತಿಲ್ಲವಂತೆ. ಆಯಿ ಎಂದರೆ ಸಾವಕಾರರ ತಾಯಿ. ಗಾಣ ಅವರ ಪೂಜೆಯಿಲ್ಲದೆ ತಿರುಗುತ್ತಿರಲಿಲ್ಲ. ಕಡಾಯಿಗೆ ಗಂಜಲ ಹೊಡೆದು ಶುದ್ಧ ಮಾಡಬೇಕೆಂದು ಹಟ ಹಿಡಿದಿದ್ದರಂತೆ. ಅಣ್ಣ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ತೊಳೀಲಿ, ಕೆಸರ ಹತ್ತ್ಯಾದ. ಪ್ರತಿ ವರ್ಷ ತೊಳೀತಾರ. ಆದ್ರ ನಾ ಕುಂತೀನಂತ ಗಂಜಲ ಹಾಕಿದ್ರ, ಆ ಗಾಣಕ್ಕ ನಾ ಕಾಲಿಡೂದಿಲ್ಲ" ಎಂದ. ಅವನ ಹೆಂಡತಿ, ನಮ್ಮ ವೈನಿ, ಮೂವರು ಮಕ್ಕಳ ಕಡೆ ನೋಡಿದಳು. ನನಗೆ ಮಾತ್ರ ಎದೆ ಉಬ್ಬಿತು. ಇವನು ಆಡಿದ ಮಾತು ಉಳಿಸಿಕೊಳ್ಳಲಿ, ಉಪವಾಸ ಬಿದ್ದರೂ ಸರಿ ಎಂದುಕೊಂಡೆ. ಮಕ್ಕಳಿಲ್ಲದವಳಿಗೆ ಹಾಗೆ ಅಂದುಕೊಳ್ಳುವುದು ಸುಲಭ.

ಮೊದಲ ಒಲೆಯ ದಿನ ಎಲ್ಲರೂ ಗಾಣದ ಮುಂದೆ ನೆರೆದಿದ್ದೆವು. ಕಡಾಯಿ ಹುಣಸೆ, ಬೂದಿ ಹಚ್ಚಿ ಉಜ್ಜಿಸಿಕೊಂಡು ಬೆಳಗುತ್ತಿತ್ತು. ಅಣ್ಣ ಒಲೆಯ ಬಾಯಿಯ ಹತ್ತಿರ ಸಿಪ್ಪೆಯ ಹೊರೆ ಹಿಡಿದು ನಿಂತಿದ್ದ. ಆಯಿ ಅರಿಷಿಣ ಕುಂಕುಮ ಏರಿಸಿದರು, ಕಾಯಿ ಒಡೆಸಿದರು. ಆಮೇಲೆ ಸೆರಗಿನ ಮರೆಯಿಂದ ತಂಬಿಗೆ ತೆಗೆದು ಬೇವಿನ ಟೊಂಗೆ ಅದ್ದಿ ಕಡಾಯಿಯೊಳಗೆ ಚಿಮುಕಿಸಿದರು. ಗಂಜಲದ ವಾಸನೆ ನಾನು ನಿಂತಲ್ಲಿಗೇ ಬಂತು.

"ಆಯಿ, ಅದರಾಗ ನಾನೂ ಕುಂತಿದ್ದೆ" ಎಂದು ಮೊಮ್ಮಗ ಮುಂದೆ ಬಂದ. "ಅಣ್ಣನ ಮೊಣಕಾಲಿಗಿ ನನ್ನ ಮೊಣಕಾಲ ಹತ್ತಿತ್ತು. ಕಡಾಯಿ ಮೈಲಿಗಿ ಆಗಿದ್ರ ನಾನೂ ಆಗೀನಿ."

ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೌದಲ್ಲೋ ತಮ್ಮಾ, ಮರ್ತೇ ಬಿಟ್ಟಿದ್ದೆ" ಎಂದು ಟೊಂಗೆಯನ್ನು ಮತ್ತೆ ಅದ್ದಿ ಅವನ ತಲೆಯ ಮೇಲೂ ಝಾಡಿಸಿದರು. "ಆತು. ಇನ್ನ ಒಲಿ ಹಚ್ರಿ."

ಗಾಣವೆಲ್ಲ ನಕ್ಕಿತು. ಹುಡುಗನೂ ಮುಖ ಒರೆಸಿಕೊಳ್ಳುತ್ತ ಪೆಚ್ಚು ಪೆಚ್ಚಾಗಿ ನಕ್ಕ. ಒಲೆಯ ಬಾಯಿಯ ಹತ್ತಿರ ನನ್ನ ಅಣ್ಣನೂ ನಕ್ಕ. ನಕ್ಕು, ಬಗ್ಗಿ, ಒಲೆ ಹಚ್ಚಿದ. ಆ ಕಾಲವೆಲ್ಲ ದುಡಿದ. ಬೆಲ್ಲ ಹುಮನಾಬಾದಿನ ಗಂಜ್ ಮಾರುಕಟ್ಟೆಗೆ ಹೋಯಿತು, ಜನ ತಿಂದರು. ನಾನು ಅಣ್ಣನ ಸಂಗಡ ಮಾತು ಬಿಟ್ಟೆ. ಆಯಿಯ ಮೇಲಿನ ಸಿಟ್ಟಿಗಿಂತ ಆ ನಗುವಿನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಅವನು ತಂದ ಬೆಲ್ಲದ ಉಂಡೆಯನ್ನು ಮುಟ್ಟಲಿಲ್ಲ.

ಅಂತರಗಂಗೆ ಒಂದೇ ಸಲಕ್ಕೆ ಸಾಯುವ ಜಾತಿಯಲ್ಲ. ಮುಂದಿನ ಬೇಸಿಗೆಗೆ ನಡುಗೆರೆಯಲ್ಲಿ ಮತ್ತೆ ಹೂ ಬಿಟ್ಟು, ಹೊಸ ಜೊಂಡಿನ ಕಡೆ ಸರಿಯತೊಡಗಿತು. ಸಾವಕಾರರೇ ನಮ್ಮ ಓಣಿಯ ಬಾಯಿಗೆ ಬಂದು ಅಣ್ಣನನ್ನು ಕರೆಸಿದರು.

"ನಾಳಿ ಕಡಾಯಿ ಕೆರಿಗಿ ಬರ್ತದ. ನೀ ಬಂದು ಕುಂದರು. ಹುಡುಗರ ಕೈಲಿ ಆಗೂದಿಲ್ಲ."

"ಬ್ಯಾಡ್ರಿ ಸಾವಕಾರ್ರ" ಎಂದ ಅಣ್ಣ. ದನಿ ಏರಿಸಲಿಲ್ಲ. "ಕಡಾಯಿ ಶುದ್ಧ ಆಗ್ಯಾದ. ಮತ್ತ ನಾ ಯಾಕ ಹೊಲಸ ಮಾಡ್ಲಿ?"

ಸಾವಕಾರರ ಮುಖ ಕೆಂಪಾಯಿತು. "ಹಂಗಾದ್ರ ಕೆರಿ ಹಾಳಾಗ್ಲಿ ಅಂತೀ?"

"ಯಾಕ ಹಾಳಾಗ್ತದ್ರಿ? ನಾ ನಟ್ಟ ಜೊಂಡ ಅದ ಅಲ್ಲಿ. ಈಸಕೋತ ಹೋಗ್ತೀನಿ."

ಓಣಿಯ ಮೊದಲ ಮನೆ ನಮ್ಮದೇ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಮರುದಿನ ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಸಿ ಹೋಗಿ ಅಂತರಗಂಗೆಯ ರಾಶಿಗೆ ಹಗ್ಗ ಬಿಗಿದ. ನಾವು ದಡದಲ್ಲಿ ನಿಂತು ಎಳೆದೆವು. ಕಡಾಯಿಯಲ್ಲಿ ಹೋಗುವುದಕ್ಕಿಂತ ಬಹಳ ತಡವಾಗುತ್ತಿತ್ತು, ಕೈ ಕಿತ್ತು ಬರುತ್ತಿತ್ತು. ಆದರೂ ಕೆಲಸ ಸಾಗಿತು.

ಮಧ್ಯಾಹ್ನ ಸಾವಕಾರರ ಮಗ ಒಬ್ಬನೇ ಬಂದು ನೀರಂಚಿನಲ್ಲಿ ನಿಂತ. "ಅಣ್ಣಾ, ನಾನೂ ಇಳೀತೀನಿ. ನಂಗೂ ಒಂದು ಹಗ್ಗ ಕೊಡು" ಎಂದ.

ಅಣ್ಣ ನೀರಿನಲ್ಲೇ ತಿರುಗಿ, ಕಣ್ಣಿಗಿಳಿದ ಕೂದಲು ಸರಿಸಿದ. "ಕೊಡ್ತೀನ್ರಿ ಸಣ್ಣ ಸಾವಕಾರ್ರ. ಮೊದಲ ಮನ್ಯಾಗ ಆಯಿಗಿ ಕೇಳ್ಕೊಂಡ ಬರ್ರಿ."

ಹುಡುಗ ಅಂಗಿಯ ಗುಂಡಿ ಬಿಚ್ಚತೊಡಗಿದ. ನಾನು ಹಗ್ಗ ಎಳೆಯುವುದನ್ನು ನಿಲ್ಲಿಸಿ ನೋಡಿದೆ. ಹಾರಲಿ ಎಂದು ಮನಸ್ಸು ಬಹಳ ಬಯಸಿತು, ಸುಳ್ಳೇಕೆ ಹೇಳಲಿ. ಅವನು ನೀರನ್ನು ನೋಡಿದ, ಏರಿಯ ಕಡೆ ನೋಡಿದ. ಆಮೇಲೆ ಗುಂಡಿ ಹಾಕಿಕೊಂಡು, ಕೇಳಿ ಬರಲು ಮನೆಗೆ ಹೋದ.